ಛಾಯಾಚಿತ್ರವೆಂಬ ಜಾನಪದ ಆಕರ: ಟಿ. ಎಸ್. ಸತ್ಯನ್ ಕಂಡ ದಿನಬದುಕು

ಕನ್ನಡ ಜಾನಪದ ಅಧ್ಯಯನವು ಬಹುಕಾಲ ಕಿವಿಯನ್ನು ನಂಬಿ ನಡೆದುಬಂದಿದೆ. ಹಾಡು, ಕಥೆ, ಗಾದೆ, ಒಗಟು, ಮಹಾಕಾವ್ಯಗಳ ಸಂಗ್ರಹದಲ್ಲಿ ಅದು ಮಾಡಿರುವ ಸಾಧನೆ ದೊಡ್ಡದು. ಆದರೆ ಕಣ್ಣಿಗೆ ಕಾಣುವ ಬದುಕಿನ ದಾಖಲೆಗೆ ಅಷ್ಟೇ ಮನ್ನಣೆ ಸಿಕ್ಕಿದೆಯೆಂದು ಹೇಳಲಾಗದು. ಸಂಗ್ರಹ ಗ್ರಂಥಗಳಲ್ಲಿ ಛಾಯಾಚಿತ್ರವು ಸಾಮಾನ್ಯವಾಗಿ ಪುಟಗಳ ನಡುವೆ ಸೇರಿಸಿದ ಅಲಂಕಾರವಾಗಿ ಉಳಿದಿದೆ. ವಿಶ್ಲೇಷಣೆಗೆ ಒಳಗಾಗಬೇಕಾದ ಆಕರವಾಗಿಲ್ಲ. ಇದರ ಜೊತೆಗೆ ಜನಪದರೆಂದರೆ ಹಳ್ಳಿಯವರು ಎಂಬ ಗ್ರಹಿಕೆಯೂ ಸೇರಿಕೊಂಡು, ನಗರದ ಬೀದಿಬದಿಯ ಬದುಕು ಎರಡು ಸಲ ಅಲಕ್ಷ್ಯಕ್ಕೆ ಗುರಿಯಾಗಿದೆ. ಈ ಎರಡೂ ಮಿತಿಗಳನ್ನು ಒಟ್ಟಿಗೆ ಮರುಪರಿಶೀಲಿಸಲು ಒತ್ತಾಯಿಸುವ ಸಾಮಗ್ರಿಯೆಂದರೆ ಮೈಸೂರಿನ ಟಿ. ಎಸ್. ಸತ್ಯನ್ ಅವರ ಛಾಯಾಚಿತ್ರಗಳು.

1923ರಲ್ಲಿ ಮೈಸೂರಿನಲ್ಲಿ ಜನಿಸಿದ ಸತ್ಯನ್, 2009ರಲ್ಲಿ ಅದೇ ಊರಿನಲ್ಲಿ ನಿಧನರಾದರು. ಈ ಎರಡು ತುದಿಗಳ ನಡುವೆ ಅವರ ವೃತ್ತಿಜೀವನ ದೇಶದುದ್ದಗಲಕ್ಕೂ ಹರಡಿಕೊಂಡಿತ್ತು. ಪತ್ರಿಕಾ ಛಾಯಾಗ್ರಾಹಕರಾಗಿ ಅವರು ಗೋವಾ ವಿಮೋಚನೆಯಂತಹ ರಾಜಕೀಯ ಘಟನೆಗಳನ್ನು ದಾಖಲಿಸಿದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನದ ಕಾರ್ಯವನ್ನು ಚಿತ್ರಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಅಂತಾರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಇಷ್ಟೆಲ್ಲ ಸುತ್ತಿದರೂ ಅವರ ಕಣ್ಣು ಪಳಗಿದ್ದು ಮೈಸೂರಿನಲ್ಲಿ. ಮಕ್ಕಳು, ಬೀದಿಯ ವ್ಯಾಪಾರಿಗಳು, ದುಡಿಯುವವರು, ವೃದ್ಧರು ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಅರಮನೆ ಮತ್ತು ದಸರೆಯ ಬೆಡಗಿಗೆ ಹೆಸರಾದ ಊರಿನಲ್ಲಿ ಹುಟ್ಟಿದ ಛಾಯಾಗ್ರಾಹಕನೊಬ್ಬ ತನ್ನ ಮುಖ್ಯ ವಸ್ತುವನ್ನು ಸಾಮಾನ್ಯರ ದಿನಚರಿಯಲ್ಲಿ ಕಂಡುಕೊಂಡದ್ದು ಗಮನಾರ್ಹ ಸಂಗತಿಯಾಗಿದೆ.

ಈ ಆಯ್ಕೆಯ ಮಹತ್ವ ತಿಳಿಯಬೇಕಾದರೆ ಅದಕ್ಕಿಂತ ಹಿಂದಿನ ಪರಂಪರೆಯನ್ನು ನೋಡಬೇಕು. ಭಾರತದಲ್ಲಿ ಸಾಮಾನ್ಯ ಜನರು ಛಾಯಾಚಿತ್ರಕ್ಕೆ ವಸ್ತುವಾದದ್ದು ಮೊದಲಿಗೆ ಆಳುವವರ ಅಗತ್ಯದಿಂದ. 1868ರಿಂದ 1875ರ ಅವಧಿಯಲ್ಲಿ ಎಂಟು ಸಂಪುಟಗಳಲ್ಲಿ ಪ್ರಕಟವಾದ ‘ದಿ ಪೀಪಲ್ ಆಫ್ ಇಂಡಿಯಾ’ ಜನರನ್ನು ಜಾತಿ, ಬುಡಕಟ್ಟುಗಳ ಮಾದರಿಗಳನ್ನಾಗಿ ವಿಂಗಡಿಸಿತು. 1909ರಲ್ಲಿ ಬಂದ ಎಡ್ಗರ್ ಥರ್ಸ್ಟನ್ ಅವರ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳೂ ಇದೇ ಹಾದಿಯವು. ಎಚ್. ವಿ. ನಂಜುಂಡಯ್ಯ ಮತ್ತು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ ಮೊದಲ್ಗೊಂಡು ಮೈಸೂರು ವಿಶ್ವವಿದ್ಯಾನಿಲಯ ಪ್ರಕಟಿಸಿದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಸಂಪುಟಗಳು ಮಾಹಿತಿಯ ದೃಷ್ಟಿಯಿಂದ ಇಂದಿಗೂ ಬೆಲೆಯುಳ್ಳವು. ಆದರೆ ಈ ಬಗೆಯ ಚಿತ್ರಣದ ಕ್ರಮವೇ ಬೇರೆ. ಇಲ್ಲಿ ವ್ಯಕ್ತಿಯು ಕ್ಯಾಮೆರಾದ ಎದುರು ನಿಲ್ಲಿಸಲ್ಪಡುತ್ತಾನೆ. ಅವನ ಕೈ ಕೆಲಸ ಮಾಡುವುದಿಲ್ಲ. ಚಿತ್ರದ ಕೆಳಗೆ ಜಾತಿಯ ಹೆಸರಿರುತ್ತದೆ, ಅವನ ಹೆಸರಿರುವುದಿಲ್ಲ.

ಸತ್ಯನ್ ಅವರ ಚಿತ್ರಗಳು ಈ ಕ್ರಮವನ್ನು ಒಪ್ಪುವುದಿಲ್ಲ. ಅವರ ಜನರು ಮಾದರಿಗಳಾಗಿ ನಿಂತವರಲ್ಲ, ಏನನ್ನೋ ಮಾಡುತ್ತಿರುವವರು. ಆಡುತ್ತಾರೆ, ಹೊರುತ್ತಾರೆ, ಕಾಯುತ್ತಾರೆ, ನಗುತ್ತಾರೆ. ಬಡತನ ಅಲ್ಲಿ ಕಾಣುತ್ತದೆ, ದೈನ್ಯ ಕಾಣುವುದಿಲ್ಲ. ಜಾನಪದದ ದೃಷ್ಟಿಯಿಂದ ಇದು ಸೌಂದರ್ಯದ ಪ್ರಶ್ನೆಯಷ್ಟೇ ಅಲ್ಲ, ಜ್ಞಾನದ ಪ್ರಶ್ನೆಯೂ ಹೌದು. ಹೊರೆಯನ್ನು ತಲೆಗೇರಿಸುವಾಗ ಕತ್ತು ನಿಲ್ಲುವ ರೀತಿ, ಮಗುವನ್ನು ಸೊಂಟಕ್ಕೆ ಕೂರಿಸಿಕೊಳ್ಳುವ ಬಗೆ, ಕುಕ್ಕರುಗಾಲಿನಲ್ಲಿ ಕುಳಿತು ತಕ್ಕಡಿ ಹಿಡಿಯುವ ಭಂಗಿ ಇವೆಲ್ಲ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬಾಯಿಯ ಮೂಲಕವಲ್ಲ, ಮೈಯ ಮೂಲಕ ದಾಟಿಬರುವ ತಿಳಿವಳಿಕೆಗಳು. ಇವನ್ನು ಧ್ವನಿಮುದ್ರಣ ಯಂತ್ರ ಹಿಡಿಯಲಾರದು.

ಇಲ್ಲಿ ವಸ್ತುಸಂಗ್ರಹಾಲಯದೊಡನೆ ಒಂದು ಹೋಲಿಕೆ ಉಚಿತವಾದೀತು. ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸ ಅರಮನೆಯಲ್ಲಿರುವ ಜಾನಪದ ವಸ್ತುಸಂಗ್ರಹಾಲಯವು ಜೀ. ಶಂ. ಪರಮಶಿವಯ್ಯ, ಪಿ. ಆರ್. ತಿಪ್ಪೇಸ್ವಾಮಿ ಅವರಂತಹವರ ದುಡಿಮೆಯಿಂದ ಬೆಳೆದ ಸಂಸ್ಥೆ. ಅಂತಹ ಸಂಗ್ರಹದಲ್ಲಿ ಉಪಕರಣಗಳಿವೆ, ಆದರೆ ಅವನ್ನು ಹಿಡಿದ ಕೈಗಳಿಲ್ಲ. ದಿನಬದುಕಿನ ಛಾಯಾಚಿತ್ರದಲ್ಲಿ ಕೈಗಳಿವೆ, ಆದರೆ ವಸ್ತುವಿನ ತೂಕವಾಗಲಿ ಸ್ಪರ್ಶವಾಗಲಿ ಇಲ್ಲ. ಎರಡನ್ನೂ ಎದುರುಬದುರು ಇರಿಸಿ ನೋಡಿದಾಗ ಮಾತ್ರ ಭೌತಿಕ ಸಂಸ್ಕೃತಿಯ ಅಧ್ಯಯನ ಪೂರ್ಣತೆಯತ್ತ ಸಾಗುತ್ತದೆ.

ಹಾಗೆಂದು ಛಾಯಾಚಿತ್ರವನ್ನು ಸ್ವಯಂಪೂರ್ಣ ಸಾಕ್ಷಿಯೆಂದು ತಿಳಿಯುವುದು ತಪ್ಪಾದೀತು. ಮಾರುಕಟ್ಟೆಯಲ್ಲಿ ಹೂವು ಅಳೆಯುತ್ತಿರುವ ಹೆಂಗಸಿನ ಚಿತ್ರವೊಂದನ್ನು ಊಹಿಸಿಕೊಳ್ಳಬಹುದು. ಮೊಳಕೈಯಿಂದ ಬೆರಳ ತುದಿಯವರೆಗೆ ಚಾಚಿದ ದಾರ ಚಿತ್ರದಲ್ಲಿ ಕಾಣುತ್ತದೆ. ಆದರೆ ಒಬ್ಬೊಬ್ಬರ ಮೊಳವೂ ಒಂದೊಂದು ಅಳತೆಯೆಂಬುದು, ಉದ್ದ ಕೈಯವಳ ಬಳಿ ಕೊಳ್ಳಬೇಕೆಂಬ ಗಿರಾಕಿಯ ಲೆಕ್ಕಾಚಾರ, ಕೊನೆಯಲ್ಲಿ ಕೊಸರಾಗಿ ಸೇರುವ ಒಂದು ತುಂಡು, ಅದಕ್ಕಾಗಿ ನಡೆಯುವ ಮಾತಿನ ಚೌಕಾಸಿ ಇವು ಯಾವುವೂ ಚಿತ್ರದಲ್ಲಿಲ್ಲ. ಅವಳ ಹೆಸರೂ ಇಲ್ಲ. ಹಳೆಯ ಸಂಪುಟಗಳು ಜಾತಿಯ ಹೆಸರಿಟ್ಟು ವ್ಯಕ್ತಿಯನ್ನು ಮರೆಸಿದವು. ದಿನಬದುಕಿನ ಛಾಯಾಗ್ರಹಣವು ವ್ಯಕ್ತಿಯನ್ನು ಮರಳಿ ತಂದಿತು, ಆದರೆ ಹಲವು ವೇಳೆ ಹೆಸರಿಲ್ಲದೆಯೇ ತಂದಿತು. ಅಂತಹ ಚಿತ್ರ ದೂರದ ಪ್ರದರ್ಶನಕ್ಕೆ ಹೋದಾಗ ಒಂದು ಬೀದಿಯ ಮಗು ‘ಭಾರತದ ಮಗು’ವಾಗಿಬಿಡುತ್ತದೆ. ಮಾದರಿಯಿಂದ ಬಿಡಿಸಿಕೊಂಡ ಮುಖ ಮತ್ತೊಂದು ಮಾದರಿಗೆ ಸಿಲುಕುವ ಅಪಾಯ ಇಲ್ಲಿದೆ. ಈ ಆಕ್ಷೇಪಣೆ ಜಾನಪದ ವಿದ್ವಾಂಸರಿಗೂ ಅನ್ವಯಿಸುತ್ತದೆ. ಹಾಡಿದವಳ ಹೆಸರನ್ನು ಬಿಟ್ಟು ಹಾಡನ್ನಷ್ಟೇ ಅಚ್ಚುಹಾಕಿದ ಸಂಕಲನಗಳು ಕನ್ನಡದಲ್ಲಿ ಕಡಿಮೆಯಿಲ್ಲ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಸತ್ಯನ್ ಅವರ ದೃಷ್ಟಿ ಮೂಲತಃ ಪ್ರೀತಿಯದು. ಪ್ರೀತಿ ಒಳ್ಳೆಯ ಸಂಗ್ರಾಹಕ ಗುಣವೇ ಸರಿ. ಆದರೆ ಅದು ಆರಿಸುತ್ತದೆ, ಆರಿಸುವಾಗ ಬಿಡುತ್ತದೆ. ಹಳೆಯ ಬೀದಿಗಳ ಜಗಲಿಯ ಮೇಲೆ ಕುಳಿತ ಮುದುಕರ ಚಿತ್ರವು ನೋಡುವವರಲ್ಲಿ ಆಪ್ತಭಾವ ಮೂಡಿಸುತ್ತದೆ. ಆ ಜಗಲಿಯನ್ನು ಯಾರು ಹತ್ತಬಹುದಿತ್ತು, ಯಾರು ಬೀದಿಯಲ್ಲೇ ನಿಂತು ಮಾತನಾಡಿ ಹೋಗಬೇಕಿತ್ತು ಎಂಬುದನ್ನು ಅದು ತಾನಾಗಿ ತಿಳಿಸುವುದಿಲ್ಲ. ದಿನಬದುಕೆಂಬುದು ಎಲ್ಲರಿಗೂ ಒಂದೇ ಆಗಿರಲಿಲ್ಲ. ಹಳೆಯ ಮೈಸೂರಿನ ಬಗೆಗಿನ ಹಂಬಲದಿಂದ ಮಾತ್ರ ಇಂತಹ ಚಿತ್ರಗಳನ್ನು ನೋಡುವ ಓದುಗನು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುತ್ತಾನೆ. ದೋಷ ಚಿತ್ರದ್ದಕ್ಕಿಂತ ಹೆಚ್ಚಾಗಿ ಓದಿನದು.

ಸತ್ಯನ್ ಅವರಿಗೆ ಚಿತ್ರದ ಈ ಮೌನದ ಅರಿವು ಇತ್ತೆಂದು ಊಹಿಸಲು ಆಧಾರವಿದೆ. ಅವರು ಚಿತ್ರಗಳಲ್ಲಿಯೇ ನಿಲ್ಲದೆ ಬರವಣಿಗೆಗೂ ತೊಡಗಿದರು. ಕನ್ನಡದಲ್ಲಿ ‘ಕಾಲಕ್ಕೆ ಕನ್ನಡಿ’, ಇಂಗ್ಲಿಷಿನಲ್ಲಿ 2005ರಲ್ಲಿ ಬಂದ ‘ಅಲೈವ್ ಅಂಡ್ ಕ್ಲಿಕ್ಕಿಂಗ್’ ಅವರ ನೆನಪುಗಳ ಕೃತಿಗಳು. ಕನ್ನಡಿಗೆ ಮಾತು ಬೇಕಾಯಿತೆಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಚಿತ್ರ ತೆಗೆದವನ ನೆನಪು ಹೀಗೆ ದಾಖಲಾಯಿತು. ಚಿತ್ರದೊಳಗೆ ಇರುವವರ ನೆನಪು ದಾಖಲಾಗುವುದು ಉಳಿದಿದೆ.

ಈ ಕೆಲಸಕ್ಕೆ ಹೆಚ್ಚು ಸಮಯವಿಲ್ಲ. 2012ರಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಉರುಳಿತು. ಅನಂತರ ಅವುಗಳನ್ನು ಉಳಿಸಬೇಕೆ, ಕೆಡವಿ ಕಟ್ಟಬೇಕೆ ಎಂಬ ವಾದ ನ್ಯಾಯಾಲಯದವರೆಗೂ ನಡೆಯಿತು. ಆ ಚರ್ಚೆಯಲ್ಲಿ ಗೋಡೆ, ಕಮಾನು, ಗಾರೆಗಳ ಮಾತು ಸಹಜವಾಗಿ ಮುನ್ನೆಲೆಗೆ ಬಂದಿತು. ಆದರೆ ಮಾರುಕಟ್ಟೆಯೆಂದರೆ ಕಟ್ಟಡವಷ್ಟೇ ಅಲ್ಲ. ವೀಳ್ಯದೆಲೆ ಎಣಿಸುವ ಬೆರಳು, ಬಾಳೆಗೊನೆ ಇಳಿಸುವ ಹೆಗಲು, ಗಿರಾಕಿಯನ್ನು ಕರೆಯುವ ಕೂಗು ಇವೂ ಮಾರುಕಟ್ಟೆಯೇ. ಕಟ್ಟಡವನ್ನು ನಕ್ಷೆಯ ಸಹಾಯದಿಂದ ಮತ್ತೆ ಕಟ್ಟಬಹುದು. ಈ ಬದುಕಿಗೆ ಅಂತಹ ನಕ್ಷೆಯಿಲ್ಲ.

ಆದುದರಿಂದ ಸತ್ಯನ್ ಅವರ ಚಿತ್ರಗಳನ್ನೂ, ನಾಡಿನ ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ಧೂಳು ಹಿಡಿದಿರುವ ನೆಗೆಟಿವ್‌ಗಳನ್ನೂ ಕ್ಷೇತ್ರಕಾರ್ಯದ ಭಾಗವಾಗಿಸಬೇಕಾಗಿದೆ. ಚಿತ್ರಗಳನ್ನು ಅವು ಹುಟ್ಟಿದ ಬೀದಿಗಳಿಗೆ ಕೊಂಡೊಯ್ದು ಹಿರಿಯರ ಮುಂದಿಡಬೇಕು. ಇವರು ಯಾರು, ಈ ಕೆಲಸಕ್ಕೆ ಏನೆನ್ನುತ್ತಿದ್ದರು, ಈ ಬುಟ್ಟಿಯ ಹೆಸರೇನು, ಇಲ್ಲಿ ಯಾರು ಬರುತ್ತಿರಲಿಲ್ಲ ಎಂದು ಕೇಳಿ ಬರೆದುಕೊಳ್ಳಬೇಕು. ಚಿತ್ರವು ನೆನಪನ್ನು ಕೆರಳಿಸುತ್ತದೆ. ನೆನಪು ಚಿತ್ರಕ್ಕೆ ಹೆಸರು ಕೊಡುತ್ತದೆ. ನೆಗೆಟಿವ್‌ಗಳನ್ನು ತಂಪಾದ ಕೋಣೆಯಲ್ಲಿರಿಸಿ ಕಾಪಾಡುವ ವಿಧಾನ ತಿಳಿದಿದೆ. ಆದರೆ ಅವುಗಳಲ್ಲಿರುವ ಮುಖಗಳನ್ನು ಕಂಡು ‘ಇವಳು ನಮ್ಮ ಬೀದಿಯವಳು’ ಎಂದು ಗುರುತಿಸಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.