ಅಣೆಕಟ್ಟೆಯನ್ನು ಗೆದ್ದ ಊರು

ಜಪಾನಿನ ‘ಹಿಗುರಾಶಿ ನೋ ನಾಕು ಕೊರೊ ನಿ’ ಎಂಬ ವಿಷುವಲ್ ನಾವೆಲ್ ಹೆಸರು ಕೇಳಿದವರಿಗೆ ಮೊದಲು ನೆನಪಾಗುವುದು ಕತ್ತಿ ಹಿಡಿದು ನಗುವ ಶಾಲಾ ಹುಡುಗಿಯ ಚಿತ್ರ. 2006ರಿಂದೀಚೆಗೆ ಅದನ್ನು ಆಧರಿಸಿ ಬಂದ ಅನಿಮೆ ಸರಣಿಗಳು ಮತ್ತು ಚಲನಚಿತ್ರಗಳು ಜನರ ಮನಸ್ಸಿನಲ್ಲಿ ಅಚ್ಚೊತ್ತಿದ ಚಿತ್ರ ಅದು. ಮೂಲಕಥೆಯ ಬೇರು ಮಾತ್ರ ಒಂದು ಅಣೆಕಟ್ಟೆಯಲ್ಲಿದೆ. ಸರ್ಕಾರ ಕಣಿವೆಯೊಂದನ್ನು ಮುಳುಗಿಸಲು ಹೊರಡುತ್ತದೆ, ಊರವರು ತಿರುಗಿ ಬೀಳುತ್ತಾರೆ, ಒಗ್ಗಟ್ಟಿನಿಂದ ಗೆಲ್ಲುತ್ತಾರೆ, ಆಮೇಲೆ ಅದೇ ಒಗ್ಗಟ್ಟು ಊರಿನ ಒಂದು ಮನೆಯ ಮೇಲೆ ತಿರುಗುತ್ತದೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟೆಗಳನ್ನೂ ಕೈಗಾ ಅಣುಸ್ಥಾವರವನ್ನೂ ಸೀಬರ್ಡ್ ನೌಕಾನೆಲೆಯನ್ನೂ ಕಂಡಿರುವ ಕಾರವಾರ, ಅಂಕೋಲೆ ಕಡೆಯ ಓದುಗರಿಗೆ ಈ ಕಥೆ ನಿಂತಿರುವ ನೆಲ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಪುಟದಿಂದ ತೆರೆಗೆ ದಾಟುವಾಗ ‘ಹಿಗುರಾಶಿ’ ಕಳೆದುಕೊಂಡದ್ದು ಈ ನೆಲವನ್ನೇ ಎಂಬುದು ನನ್ನ ವಾದ. ರಕ್ತ ಉಳಿಯಿತು, ಊರು ಉಳಿಯಲಿಲ್ಲ.

ಇದನ್ನು ಬರೆದವರು ರ್ಯೂಕಿಶಿ07 ಎಂಬ ಕಾವ್ಯನಾಮದ ಲೇಖಕ. ದೊಡ್ಡ ಕಂಪನಿಯ ಬೆಂಬಲವಿಲ್ಲದೆ, ‘07ತ್ ಎಕ್ಸ್‌ಪಾನ್ಶನ್’ ಎಂಬ ತಮ್ಮ ಸಣ್ಣ ಹವ್ಯಾಸಿ ಬಳಗದೊಂದಿಗೆ 2002ರ ಆಗಸ್ಟ್‌ನಲ್ಲಿ ಟೋಕಿಯೋದ ಕಾಮಿಕೆಟ್ ಮೇಳದಲ್ಲಿ ಮೊದಲ ಭಾಗವನ್ನು ಮಾರಿದರು. 2006ರ ಆಗಸ್ಟ್‌ಗೆ ಎಂಟನೆಯ ಹಾಗೂ ಕೊನೆಯ ಭಾಗ ಬಂತು. ವಿಷುವಲ್ ನಾವೆಲ್ ಎಂದರೆ ಕಂಪ್ಯೂಟರ್ ಪರದೆಯ ಮೇಲೆ ಚಿತ್ರ, ಸಂಗೀತ, ಸದ್ದುಗಳ ನಡುವೆ ಓದುವ ಕಾದಂಬರಿ. ಸಾಮಾನ್ಯವಾಗಿ ಅಲ್ಲಲ್ಲಿ ಓದುಗ ಒಂದು ದಾರಿ ಆರಿಸಿಕೊಂಡರೆ ಕಥೆ ಆ ಕಡೆ ಹೊರಳುತ್ತದೆ. ‘ಹಿಗುರಾಶಿ’ಯಲ್ಲಿ ಆ ಆಯ್ಕೆಯೂ ಇಲ್ಲ, ಓದಬೇಕು ಮತ್ತು ಊಹಿಸಬೇಕು ಅಷ್ಟೆ. ಲೇಖಕರೇ ಬರೆದ ಪಾತ್ರಗಳ ಚಿತ್ರ ತೀರ ಒರಟು. ಹಿನ್ನೆಲೆಗೆ ಮಸುಕು ಮಾಡಿದ ಫೋಟೋಗಳಿವೆ. ಕಥೆಯ ಕಾಲ 1983ರ ಜೂನ್, ಸ್ಥಳ ಹಿನಾಮಿಝಾವಾ ಎಂಬ ಕಲ್ಪಿತ ಹಳ್ಳಿ. ಅದಕ್ಕೆ ಮಾದರಿಯಾದದ್ದು ಗಿಫು ಪ್ರಾಂತ್ಯದ ಶಿರಕಾವಾ ಕಣಿವೆ. ಕಡಿದಾದ ಹುಲ್ಲುಮಾಡಿನ ಅಲ್ಲಿಯ ಮನೆಗಳು 1995ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅದೇ ಶೋ ನದಿಯ ಮೇಲ್ಭಾಗದಲ್ಲಿ 131 ಮೀಟರ್ ಎತ್ತರದ ಮಿಬೊರೊ ಅಣೆಕಟ್ಟೆ 1961ರಲ್ಲಿ ಮುಗಿಯಿತು. ಮುಳುಗಡೆಯಾಗಲಿದ್ದ ಊರುಗಳ ಜನ 1953ರಲ್ಲಿ ಸಂಘ ಕಟ್ಟಿ 1959ರವರೆಗೂ ಹೋರಾಡಿದರು, ಕೊನೆಗೆ ಎದ್ದು ಹೋದರು. ಮುಳುಗುವ ನೆಲದಿಂದ ಎರಡು ಹಳೆಯ ಚೆರಿ ಮರಗಳನ್ನು ಮಾತ್ರ 1960ರಲ್ಲಿ ಬೇರುಸಮೇತ ಎತ್ತಿ ದಂಡೆಯ ಮೇಲೆ ನೆಟ್ಟರು. ಅವು ಇಂದಿಗೂ ಹೂ ಬಿಡುತ್ತವೆ.

ಹಿನಾಮಿಝಾವಾದಲ್ಲಿ ಫಲಿತಾಂಶ ತಿರುವುಮುರುವು. ಅಲ್ಲಿ ಯೋಜನೆಯೇ ನಿಂತುಹೋಗುತ್ತದೆ. ಆದರೆ ಹೋರಾಟದ ದಿನಗಳಲ್ಲಿ ಪರಿಹಾರ ಪಡೆದು ಹೋಗೋಣ ಎಂದ ಮನೆಯೊಂದಿತ್ತು, ಹೋಜೋ ಮನೆತನ. ಅವರನ್ನು ಊರು ಹೊರಗಿಡುತ್ತದೆ. 1980ರಲ್ಲಿ ಆ ಗಂಡ ಹೆಂಡತಿ ಬೆಟ್ಟದ ಕಟಾಂಜನದಿಂದ ಬಿದ್ದು ಹೋದ ಮೇಲೂ ಬಹಿಷ್ಕಾರ ನಿಲ್ಲುವುದಿಲ್ಲ, ಅವರ ಮಕ್ಕಳಾದ ಸಾತೊಶಿ ಮತ್ತು ಸಾತೊಕೊ ಅದಕ್ಕೆ ವಾರಸುದಾರರಾಗುತ್ತಾರೆ. ವರ್ಷವರ್ಷವೂ ಹಬ್ಬದ ರಾತ್ರಿ ಒಬ್ಬರು ಸಾಯುವುದು, ಒಬ್ಬರು ಕಾಣೆಯಾಗುವುದು, ಅದಕ್ಕೆಲ್ಲ ಗ್ರಾಮದೇವತೆ ಒಯಾಶಿರೊನ ಶಾಪವೆಂಬ ಹೆಸರು: ಕಥೆಯ ಭಯವೆಲ್ಲ ಇಲ್ಲಿಂದ ಏಳುತ್ತದೆ. ಅಣೆಕಟ್ಟೆಯ ಕೆಲಸ ನಡೆದ ಜಾಗ ಈಗ ಕಸದ ಗುಂಡಿ. ರೇನಾ ಎಂಬ ಹುಡುಗಿ ಅಲ್ಲಿ ಇಳಿದು ತನಗೆ ಚೆಂದ ಕಂಡ ಹಳೆಯ ಸಾಮಾನುಗಳನ್ನು ಹೆಕ್ಕುತ್ತಾಳೆ. ಒಮ್ಮೆ ಕೋಳಿ ಹೋಟೆಲಿನ ಬಾಗಿಲಲ್ಲಿ ನಿಲ್ಲಿಸುವಂಥ ಮುದುಕನ ಬೊಂಬೆ ಮರದ ತೊಲೆಗಳಡಿ ಸಿಕ್ಕಿಬಿದ್ದಿರುತ್ತದೆ. ಅದನ್ನು ಬಿಡಿಸಲು ಅವಳಿಗೆ ಕತ್ತಿ ಬೇಕಾಗುತ್ತದೆ. ಲೋಕಪ್ರಸಿದ್ಧವಾದ ಆ ಆಯುಧ ಕಥೆಯೊಳಗೆ ಬರುವುದು ಹೀಗೆ, ನಿಂತುಹೋದ ಯೋಜನೆಯ ಕಸದೊಳಗಿನ ದುಡಿಮೆಯ ಉಪಕರಣವಾಗಿ. ಭಿತ್ತಿಪತ್ರಗಳಲ್ಲಿ ಕತ್ತಿ ಉಳಿಯಿತು, ಅದು ಬಂದ ಗುಂಡಿ ಮರೆತುಹೋಯಿತು.

ಕಾಳಿ ಕಣಿವೆಯ ಕಡೆಯಿಂದ ನೋಡಿದರೆ ಈ ನಷ್ಟ ಇನ್ನೂ ಸ್ಪಷ್ಟ. ನಮ್ಮಲ್ಲಿ ಹಳೆಯ ಸೂಪಾ ಊರು 101 ಮೀಟರ್ ಎತ್ತರದ ಕಟ್ಟೆಯ ಹಿಂದೆ ನೀರಡಿ ಹೋಯಿತು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು. ಕದ್ರಾ ಹಿನ್ನೀರಿನ ದಂಡೆಯಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳ ಸ್ಥಾವರ ನಿಂತಿತು. ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಇದೇ ಜಿಲ್ಲೆಯಿಂದ ಲೋಕಸಭೆಗೆ ನಿಂತು ಸೋತರು. ಸೀಬರ್ಡ್‌ಗೆ 1986ರಲ್ಲಿ ಶಿಲಾನ್ಯಾಸವಾಯಿತು, ಕಡಲಂಚಿನ ಊರುಗಳು ಎದ್ದವು, ಪರಿಹಾರದ ದಾವೆಗಳು ಒಂದು ತಲೆಮಾರಿನ ಆಯುಷ್ಯವನ್ನೇ ತಿಂದವು. ನಮಗೆ ಸೋತ ಊರುಗಳ ಕಥೆ ಗೊತ್ತು: ನಿರಾಶ್ರಿತರ ಕಾಲೊನಿ, ಪುನರ್ವಸತಿ ಕಚೇರಿಯ ಮೆಟ್ಟಿಲು, ನೌಕರಿಯ ಭರವಸೆ. ಗೆದ್ದ ಊರು ಏನಾಗುತ್ತದೆ ಎಂಬುದನ್ನು ಬರೆದವರು ಕಡಿಮೆ. ಇಲ್ಲೇ ರ್ಯೂಕಿಶಿ07 ಅವರ ಹೆಚ್ಚುಗಾರಿಕೆ. ಅವರು ಹೋರಾಟಗಾರರನ್ನು ಎಲ್ಲಿಯೂ ಹೀಗಳೆಯುವುದಿಲ್ಲ. ಊರು ಉಳಿಯಲೇಬೇಕಿತ್ತು ಎಂಬ ನಂಬಿಕೆ ಇಡೀ ಕೃತಿಯಲ್ಲಿ ಗಟ್ಟಿಯಾಗಿದೆ. ಆದರೂ ಊರನ್ನು ಉಳಿಸಿದ ಸಂಘಟನೆಯೇ ಒಂದು ಮಗುವಿನ ಜೊತೆ ಮಾತು ಬಿಡುವ ಸಂಘಟನೆಯೂ ಆಯಿತು ಎಂಬ ಕಹಿಯನ್ನು ಅವರು ಮುಚ್ಚಿಡುವುದಿಲ್ಲ. ಪರಿಹಾರದ ಮಾತು ಹೊಕ್ಕ ಯಾವ ಊರಿನಲ್ಲೂ ಯಾರು ಮೊದಲು ಸಹಿ ಹಾಕಿದರು ಎಂಬ ಪ್ರಶ್ನೆ ಏಳದೆ ಇರುವುದಿಲ್ಲ. ಆ ಪ್ರಶ್ನೆ ಹಗೆಯಾಗಿ ಬೆಳೆಯುವ ಬಗೆಯನ್ನು ಇಷ್ಟು ನಿಧಾನವಾಗಿ, ಇಷ್ಟು ಒಳಗಿನಿಂದ ಕಟ್ಟಿದ ಜನಪ್ರಿಯ ಕೃತಿಗಳು ವಿರಳ.

ಒಳಗಿನಿಂದ ಎಂದೆ. ಅದು ಬರವಣಿಗೆಯ ವಿಧಾನದಿಂದಲೇ ಸಾಧ್ಯವಾದದ್ದು. ಮೊದಲ ಭಾಗವನ್ನು ಹೇಳುವವನು ಪಟ್ಟಣದಿಂದ ಹೊಸದಾಗಿ ಬಂದ ಕೇಯಿಚಿ, ಉತ್ತಮಪುರುಷದಲ್ಲಿ. ಅಣೆಕಟ್ಟೆಯ ಜಾಗದಲ್ಲಿ ಹಿಂದೆ ನಡೆದ ಕೊಲೆಯ ವಿಷಯವನ್ನು ಗೆಳತಿಯರು ಮುಚ್ಚಿಡುತ್ತಿದ್ದಾರೆ ಎಂದು ಅವನಿಗೆ ಗುಮಾನಿ ಬರುತ್ತದೆ. ಆಮೇಲೆ ಅವರು ಮಾಡುವುದೆಲ್ಲ ಅವನಿಗೆ ಬೇರೆಯಾಗಿಯೇ ಕಾಣತೊಡಗುತ್ತದೆ. ಅವರು ತಂದುಕೊಟ್ಟ ‘ಒಹಾಗಿ’ ಎಂಬ ಸಿಹಿ ಉಂಡೆಯನ್ನು ಕಚ್ಚಿದಾಗ ಒಳಗೆ ಸೂಜಿ ಸಿಕ್ಕಿತೆಂದು ಅವನು ಹೇಳುತ್ತಾನೆ. ನಾವೂ ನಂಬುತ್ತೇವೆ, ಏಕೆಂದರೆ ನಮಗೆ ಅವನ ಮಾತು ಬಿಟ್ಟರೆ ಬೇರೆ ಆಸರೆಯಿಲ್ಲ. ಆರನೆಯ ಭಾಗದಲ್ಲಿ ಅದು ಬರಿಯ ಖಾರದ ಸಾಸ್, ಮಕ್ಕಳ ಚೇಷ್ಟೆ ಎಂದು ತಿಳಿಯುತ್ತದೆ. ಆಗ ನಾಚಿಕೆಪಡಬೇಕಾದವನು ಕೇಯಿಚಿ ಮಾತ್ರವಲ್ಲ, ಓದುಗನೂ. ಹೊರಗಿನವರನ್ನು ಅನುಮಾನಿಸುವ ಊರಿನ ರೋಗ ನಮಗೂ ಅಂಟಿತ್ತು ಎಂಬ ಅರಿವು ಈ ಕೃತಿಯ ನಿಜವಾದ ಭಯ.

2006ರಲ್ಲಿ ಸ್ಟುಡಿಯೋ ಡೀನ್ ತಯಾರಿಸಿದ, ಚಿಯಾಕಿ ಕೋನ್ ನಿರ್ದೇಶಿಸಿದ 26 ಕಂತುಗಳ ಮೊದಲ ಸರಣಿಯಲ್ಲಿ ಅದೇ ಸೂಜಿ ತೆರೆಯ ಮೇಲೆ ಕಣ್ಣಿಗೆ ಕಾಣುತ್ತದೆ. ಕ್ಯಾಮೆರಾ ತೋರಿಸಿದ್ದು ಸಾಕ್ಷಿಯಾಗಿಬಿಡುತ್ತದೆ. ಮುಂದೆ ಅದು ಸುಳ್ಳೆಂದು ಗೊತ್ತಾದಾಗ ನೋಡುಗನಿಗೆ ತನ್ನನ್ನು ಮೋಸಗೊಳಿಸಿದರು ಅನ್ನಿಸುತ್ತದೆಯೇ ಹೊರತು ತಾನೂ ತಪ್ಪಿದೆ ಅನ್ನಿಸುವುದಿಲ್ಲ. ಅಣೆಕಟ್ಟೆಯ ಹೋರಾಟವನ್ನು ನೇರವಾಗಿ ಹೇಳುವ ನಾಲ್ಕನೆಯ ಭಾಗಕ್ಕೆ ಈ ಸರಣಿ ಕೊಟ್ಟದ್ದು ಎರಡೇ ಕಂತು. ಅವಳಿ ಹುಡುಗಿಯರ ಕೊಲೆಗಳ ಭಾಗಕ್ಕೆ ಸಿಕ್ಕಿದ್ದು ಆರು. ಹುಡುಗಿಯರ ಮುಖ ಒಮ್ಮೆಗೇ ವಿಕಾರವಾಗುವುದು, ಕಣ್ಣು ಕಿರಿದಾಗುವುದು, ನಗು ಏರುವುದು ಸರಣಿಯ ಗುರುತಾದವು. 2008ರಲ್ಲಿ ಅತಾರು ಓಯಿಕಾವಾ ನಿರ್ದೇಶನದಲ್ಲಿ ಬಂದ ಚಲನಚಿತ್ರ ಮೊದಲ ಭಾಗದ ಭಯವನ್ನಷ್ಟೇ ಎತ್ತಿಕೊಂಡಿತು. 2007ರ ಸೆಪ್ಟೆಂಬರ್‌ನಲ್ಲಿ ಕ್ಯೋಟೋದಲ್ಲಿ ಕೊಡಲಿಯಿಂದ ಕೊಲೆಯೊಂದು ನಡೆದಾಗ ಕೆಲವು ವಾಹಿನಿಗಳು ಎರಡನೆಯ ಸರಣಿಯ ಪ್ರಸಾರವನ್ನೇ ತಡೆದವು. ಕೃತಿಯನ್ನು ಆಯುಧದ ಚಿತ್ರವಾಗಿ ಮಾರಿದ ಮೇಲೆ ಜನ ಅದನ್ನು ಹಾಗೆಯೇ ಕಂಡರೆ ಅಚ್ಚರಿಯಿಲ್ಲ.

ಹತ್ತಾರು ಗಂಟೆಗಳ ಓದನ್ನು ತೆರೆಗೆ ತರುವಾಗ ಕತ್ತರಿಸದೆ ವಿಧಿಯಿಲ್ಲ, ಭಯದ ಕಥೆಯಿಂದ ಮುಳುಗಡೆಯ ರಾಜಕಾರಣ ಕೇಳುವುದು ಅತಿಯಾಯಿತು ಎನ್ನುವವರಿದ್ದಾರೆ. ಕತ್ತರಿಸುವುದಕ್ಕೆ ನನ್ನ ತಕರಾರಿಲ್ಲ, ಏನನ್ನು ಕತ್ತರಿಸಿದರು ಎಂಬುದೇ ಪ್ರಶ್ನೆ. ನಾ. ಡಿಸೋಜರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಚಿತ್ರ ಮಾಡಿದಾಗ ಅವರ ಕೈಯಲ್ಲಿದ್ದದ್ದು ಒಂದು ಚಿತ್ರದ ಅವಧಿ ಮಾತ್ರ. ಆದರೂ ಏರುವ ನೀರು, ಖಾಲಿಯಾಗುವ ಊರು, ಹೋಗಬೇಕೋ ಇರಬೇಕೋ ಎಂದು ಮನೆಯೊಳಗೇ ಬೀಳುವ ಬಿರುಕು ಎಲ್ಲವೂ ಅಲ್ಲಿವೆ. ರಾತ್ರಿಯಿಡೀ ಬೆಂಕಿ ಆರದಂತೆ ಕಾದವಳು ಕಥಾನಾಯಕಿ ನಾಗಿ. ಬೆಳಗಾದ ಮೇಲೆ ಶ್ರೇಯಸ್ಸು ದೇವರ ಪಾಲಾಗುತ್ತದೆ. ಅದನ್ನು ಕೇಳುವ, ನಾಗಿಯ ಪಾತ್ರದ ಸೌಂದರ್ಯಾ ಅವರ ಮುಖವನ್ನು ಕ್ಯಾಮೆರಾ ತಾಳ್ಮೆಯಿಂದ ನೋಡುತ್ತದೆ. ಊರಿನ ನಂಬಿಕೆ ಮತ್ತು ಊರಿನ ಅನ್ಯಾಯ ಎರಡನ್ನೂ ಒಂದೇ ಮುಖದಲ್ಲಿ ತೋರಿಸಲು ಸಾಧ್ಯ ಎನ್ನುವುದಕ್ಕೆ ಅದು ಸಾಕು. ಜಪಾನಿನಲ್ಲೂ ಇದಕ್ಕೆ ಸಾಕ್ಷಿಯಿದೆ. 2007ರ ‘ಹಿಗುರಾಶಿ ಕಾಯ್’ ಸರಣಿ ಏಳನೆಯ ಭಾಗಕ್ಕೆ ಎಂಟು ಕಂತು ಕೊಟ್ಟಿತು. ಚಿಕ್ಕಪ್ಪನ ಹಿಂಸೆಗೆ ಸಿಕ್ಕ ಸಾತೊಕೊಳನ್ನು ಬಿಡಿಸಲು ಗೆಳೆಯರು ಮಕ್ಕಳ ರಕ್ಷಣಾ ಕಚೇರಿಗೆ ಹೋಗುತ್ತಾರೆ, ಬರಿಗೈಲಿ ಮರಳುತ್ತಾರೆ, ಹೆಚ್ಚು ಜನರನ್ನು ಕಟ್ಟಿಕೊಂಡು ಮತ್ತೆ ಹೋಗುತ್ತಾರೆ. ಹಿಂದೆ ಅಣೆಕಟ್ಟೆಯ ವಿರುದ್ಧ ಊರು ಕಲಿತ ಚಳವಳಿಯ ಪಟ್ಟುಗಳೇ ಈಗ ಹೋಜೋ ಮನೆಯ ಮಗುವಿಗಾಗಿ ಬಳಕೆಯಾಗುತ್ತವೆ. ಹಿರಿಯರ ಮನೆಬಾಗಿಲಿಗೆ ಹೋದರೆ, ಅವರಿಗೂ ಆ ಮಗುವಿನ ಮೇಲೆ ದ್ವೇಷ ಉಳಿದಿಲ್ಲ ಎಂದು ತಿಳಿಯುತ್ತದೆ. ಉಳಿದವರು ಏನೆನ್ನುತ್ತಾರೋ ಎಂದು ಪ್ರತಿಯೊಬ್ಬರೂ ಸುಮ್ಮನಿದ್ದುದರಿಂದಲೇ ಬಹಿಷ್ಕಾರ ಉಳಿದಿತ್ತು. ‘ಹಿಗುರಾಶಿ’ಯ ಎಲ್ಲ ತೆರೆರೂಪಗಳಲ್ಲಿ ಮೂಲಕ್ಕೆ ಸಮನಾಗಿ ನಿಲ್ಲುವುದು ಈ ಕೆಲವು ಕಂತುಗಳೇ.

ಮೂಲ ದೋಷರಹಿತ ಎಂದು ಹೇಳುವಂತಿಲ್ಲ. ಕೊನೆಯ ಭಾಗಗಳಲ್ಲಿ ಊರಿನ ಹುಚ್ಚಿಗೆ ಪರೋಪಜೀವಿಯಿಂದ ಬರುವ ರೋಗ ಕಾರಣವಾಗುತ್ತದೆ, ಅದರ ಹಿಂದೆ ಗುಪ್ತ ಸಂಶೋಧನೆ, ಪಿತೂರಿ, ಬಂದೂಕುಧಾರಿ ಪಡೆ ಬರುತ್ತವೆ. ಮನುಷ್ಯರು ಮನುಷ್ಯರಿಗೆ ಮಾಡಿದ್ದನ್ನು ರೋಗದ ತಲೆಗೆ ಕಟ್ಟಿದಾಗ ಊರಿನ ಹೊಣೆ ಹಗುರವಾಗುತ್ತದೆ, ಅಷ್ಟರಮಟ್ಟಿಗೆ ಕಾದಂಬರಿಯೂ ಸಡಿಲಗೊಳ್ಳುತ್ತದೆ. ಆದರೆ ಸಾತೊಕೊಳ ಬಹಿಷ್ಕಾರಕ್ಕೆ ಲೇಖಕರು ರೋಗದ ನೆಪ ಕೊಟ್ಟಿಲ್ಲ. ಅದನ್ನು ಊರೇ ಮಾಡಿತು, ಊರೇ ಬಿಡಿಸಬೇಕಾಯಿತು.

ಅದಕ್ಕೇ 2020ರ ‘ಗೋ’ ಮತ್ತು 2021ರ ‘ಸೊತ್ಸು’ ಸರಣಿಗಳನ್ನು ಒಪ್ಪಲಾಗುವುದಿಲ್ಲ. ಇವುಗಳಲ್ಲಿ ಹೊಸ ಕೊಲೆಗಳ ಸೂತ್ರಧಾರಿ ಸಾತೊಕೊಳೇ. ಗೆಳತಿ ರಿಕಾ ಊರು ಬಿಟ್ಟು ದೊಡ್ಡ ಶಾಲೆಗೆ ಹೋಗುವುದನ್ನು ತಡೆಯಲು ಅವಳು ಕಾಲವನ್ನು ಮತ್ತೆ ಮತ್ತೆ ಹಿಂದೆ ತಿರುಗಿಸಿ ಎಲ್ಲರನ್ನೂ ಬಲಿಕೊಡುತ್ತಾಳೆ. ಈ ಕಥೆಯನ್ನೂ ರ್ಯೂಕಿಶಿ07 ಅವರೇ ಕೊಟ್ಟದ್ದು, ಹಾಗಿರುವಾಗ ಮೂಲಕ್ಕೆ ದ್ರೋಹವಾಯಿತೆಂದು ಹೇಳುವ ಹಕ್ಕು ಯಾರಿಗಿದೆ ಎಂದು ಅಭಿಮಾನಿಗಳು ಕೇಳುತ್ತಾರೆ. ಕೃತಿ ಹೊರಬಂದ ಮೇಲೆ ಓದಿದವರಿಗೂ ಅದರಲ್ಲಿ ಪಾಲಿದೆ ಎಂಬುದೇ ಉತ್ತರ. ಊರಿನ ತಪ್ಪಿನಿಂದ ನೊಂದ ಮಗುವನ್ನು ಊರಿನ ಹಂತಕಿಯಾಗಿ ಮಾಡುವುದೆಂದರೆ ಎಂಟು ಭಾಗಗಳು ಕಷ್ಟಪಟ್ಟು ತೊಡೆದುಹಾಕಿದ ಅನುಮಾನಕ್ಕೆ ಮತ್ತೆ ಪುರಾವೆ ಒದಗಿಸಿದಂತೆ. ಹೋಜೋ ಮನೆಯವರು ಕೆಡುಕರು ಎಂದು ಪಿಸುಗುಟ್ಟಿದ ಊರವರ ಮಾತೇ ಇಲ್ಲಿ ನಿಜವಾಗಿಬಿಡುತ್ತದೆ.

ಮೂಲದ ಎಂಟು ಭಾಗಗಳೂ ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ಸ್ಟೀಮ್‌ನಲ್ಲಿ ಸಿಗುತ್ತವೆ. ಅಲ್ಲಿಂದಲೇ ಶುರುಮಾಡಿ, ಮೊದಲ ಭಾಗದ ಅರ್ಧ ಬರಿಯ ಆಟ–ಹರಟೆ ಎಂದು ಬೇಸತ್ತು ಬಿಡಬೇಡಿ. ನೋಡಲೇಬೇಕೆಂದಿದ್ದರೆ ಓದಿದ ಮೇಲೆ 2007ರ ಸರಣಿ ನೋಡಿ. ಆಮೇಲಿನ ಎರಡನ್ನು ನೋಡದಿದ್ದರೆ ಕಳೆದುಕೊಳ್ಳುವುದೇನೂ ಇಲ್ಲ.