ಒಂದೆಲಗ ಮತ್ತು ಬ್ರಾಹ್ಮಿ: ಔಷಧಿ ಸಸ್ಯನಾಮಗಳ ಅರ್ಥನಿರ್ಣಯದ ಒಂದು ಸಮಸ್ಯೆ

ಕನ್ನಡದ ವೈದ್ಯಸಾಹಿತ್ಯದಲ್ಲಿ ಮತ್ತು ಮನೆಮದ್ದಿನ ಪರಂಪರೆಯಲ್ಲಿ ‘ಬ್ರಾಹ್ಮಿ’ ಅತ್ಯಂತ ಪರಿಚಿತವಾದ ಹೆಸರು. ಅಷ್ಟೇ ಅನಿಶ್ಚಿತವಾದ ಹೆಸರೂ ಹೌದು. ಬೆಂಗಳೂರಿನ ಜಯನಗರ ನಾಲ್ಕನೆಯ ಬ್ಲಾಕಿನ ಮಾರುಕಟ್ಟೆಯಲ್ಲಾಗಲಿ ಬನಶಂಕರಿಯ ಸೊಪ್ಪಿನ ಅಂಗಡಿಗಳಲ್ಲಾಗಲಿ ಬ್ರಾಹ್ಮಿ ಎಂದು ಕೇಳಿದವರ ಕೈಗೆ ಸಾಮಾನ್ಯವಾಗಿ ಬರುವುದು ಒಂದೆಲಗದ ಕಟ್ಟು. ಗ್ರಂಧಿಗೆ ಅಂಗಡಿಯಲ್ಲಿ ಅದೇ ಹೆಸರಿನಲ್ಲಿ ಕೊಂಡ ಪುಡಿ ಒಂದೆಲಗದ್ದಾಗಿರಬಹುದು, ಮತ್ತೊಂದು ಸಸ್ಯದ್ದೂ ಆಗಿರಬಹುದು. ಈ ಮತ್ತೊಂದು ಸಸ್ಯವನ್ನು ಕನ್ನಡದಲ್ಲಿ ನೀರು ಬ್ರಾಹ್ಮಿ ಎಂದು ಕರೆಯುತ್ತಾರೆ.

ಈ ಎರಡು ಸಸ್ಯಗಳು ಒಂದನ್ನೊಂದು ಹೋಲುವುದಿಲ್ಲ. ಒಂದೆಲಗ (ಸೆಂಟೆಲ್ಲಾ ಏಶಿಯಾಟಿಕಾ) ನೆಲದ ಮೇಲೆ ಹರಿದು ಗಿಣ್ಣುಗಳಲ್ಲಿ ಬೇರು ಬಿಡುತ್ತದೆ. ಉದ್ದನೆಯ ತೊಟ್ಟಿನ ತುದಿಯಲ್ಲಿ ಮೂತ್ರಪಿಂಡದ ಆಕಾರದ ಒಂದೊಂದೇ ಎಲೆ. ಇದು ಕೊತ್ತಂಬರಿ, ಜೀರಿಗೆಗಳ ಕುಟುಂಬಕ್ಕೆ ಸೇರಿದ್ದು. ನೀರು ಬ್ರಾಹ್ಮಿ (ಬಕೋಪಾ ಮೊನ್ನಿಯೇರಿ) ಕೆಸರು ನೆಲದಲ್ಲಿ ಹಬ್ಬುವ ರಸಭರಿತ ಸಸ್ಯ. ಎಲೆಗಳು ಚಿಕ್ಕವು, ದಪ್ಪ, ಎದುರುಬದುರಾಗಿ ಜೋಡಿ ಜೋಡಿಯಾಗಿರುತ್ತವೆ. ರುಚಿ ಕಹಿ. ಹೂವು ಬಿಳಿ ಅಥವಾ ತಿಳಿನೇರಳೆ. ಕಣ್ಣಿಗೆ ಇಷ್ಟು ಬೇರೆಯಾಗಿ ಕಾಣುವ ಎರಡು ಸಸ್ಯಗಳು ಒಂದೇ ಹೆಸರಿನಲ್ಲಿ ಬೆರೆತದ್ದು ಹೇಗೆ, ಅದರಿಂದ ಕನ್ನಡದ ಪಠ್ಯಗಳ ಓದಿಗೂ ಇಂದಿನ ಬಳಕೆಗೂ ಒದಗುವ ತೊಡಕುಗಳೇನು ಎಂಬುದು ಇಲ್ಲಿಯ ವಿಚಾರ.

ನಿಘಂಟುಗಳ ಸಾಕ್ಷ್ಯ

ಈ ಗೊಂದಲವನ್ನು ಅಂಗಡಿಯವರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದರ ಬೇರು ಶಾಸ್ತ್ರಗ್ರಂಥಗಳಲ್ಲಿಯೇ ಇದೆ. ಚರಕಸಂಹಿತೆಯು ಹೇಳುವ ನಾಲ್ಕು ಮೇಧ್ಯರಸಾಯನಗಳು ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ (ಅಮೃತಬಳ್ಳಿ) ಮತ್ತು ಶಂಖಪುಷ್ಪಿಗಳದು. ಬ್ರಾಹ್ಮಿ ಆ ನಾಲ್ಕರಲ್ಲಿ ಇಲ್ಲ. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ 28ನೆಯ ಅಧ್ಯಾಯದಲ್ಲಿ ಮಂಡೂಕಪರ್ಣಿಯ ಸ್ವರಸಕ್ಕೂ ಬ್ರಾಹ್ಮಿಯ ಸ್ವರಸಕ್ಕೂ ಬೇರೆಬೇರೆ ವಿಧಿಗಳಿವೆ. ಪ್ರಾಚೀನ ಸಂಹಿತೆಗಳ ಮಟ್ಟಿಗೆ ಇವು ಎರಡು ದ್ರವ್ಯಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ. 16ನೆಯ ಶತಮಾನದ ಭಾವಪ್ರಕಾಶವು ಬ್ರಾಹ್ಮಿಯ ಬೆನ್ನಿಗೇ ಮಂಡೂಕಪರ್ಣಿಯನ್ನು ಹೇಳಿ ಇದರ ಗುಣವೂ ಅದರಂತೆಯೇ ಎನ್ನುತ್ತದೆ. ಗುಣ ಸಮಾನವೆಂಬ ಮಾತು ವ್ಯವಹಾರದಲ್ಲಿ ಸಸ್ಯವೇ ಸಮಾನವೆಂಬ ಅರ್ಥ ಪಡೆಯಲು ಹೆಚ್ಚು ಕಾಲ ಬೇಕಿಲ್ಲ. ಒಂದು ಸಿಗದ ಕಡೆ ಇನ್ನೊಂದನ್ನು ಬಳಸುವುದಕ್ಕೆ ಇಲ್ಲಿ ಶಾಸ್ತ್ರದ ಆಧಾರವೇ ದೊರೆತಂತಾಯಿತು.

ಕೋಶಗಳತ್ತ ತಿರುಗಿದರೆ ಸಮಸ್ಯೆ ಇನ್ನಷ್ಟು ಜಟಿಲವಾಗುತ್ತದೆ. ಅಮರಕೋಶದ ವನೌಷಧಿವರ್ಗದಲ್ಲಿ ಬ್ರಾಹ್ಮಿಗೆ ಮತ್ಸ್ಯಾಕ್ಷೀ, ವಯಃಸ್ಥಾ, ಸೋಮವಲ್ಲರೀ ಎಂಬವು ಪರ್ಯಾಯಗಳು. ಮಂಡೂಕಪರ್ಣೀ ಎಂಬುದು ಅಲ್ಲಿ ಮಂಜಿಷ್ಠದ ಪರ್ಯಾಯ. ಮಂಜಿಷ್ಠವಾದರೋ ಬಣ್ಣಕ್ಕೆ ಬಳಸುವ ಬಳ್ಳಿ. ಒಂದೆಲಗಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಅದೇ ವರ್ಗದಲ್ಲಿ ಮಂಡೂಕಪರ್ಣ ಎಂಬ ಪುಲ್ಲಿಂಗರೂಪ ಶ್ಯೋನಾಕವೆಂಬ ಮರದ ಹೆಸರಾಗಿ ಬಂದಿದೆ. ಕಪ್ಪೆಯನ್ನು ನೆನಪಿಸುವ ಎಲೆಯುಳ್ಳದ್ದು ಎಂಬ ಒಂದೇ ವರ್ಣನೆ ಮೂಲಿಕೆಗೂ ಬಳ್ಳಿಗೂ ಮರಕ್ಕೂ ಸಂದಿದೆ. ಅಮರಕೋಶವನ್ನು ಮಾತ್ರ ಆಧರಿಸಿ ವೈದ್ಯಗ್ರಂಥವೊಂದರ ಮಂಡೂಕಪರ್ಣಿಗೆ ಅರ್ಥ ಬರೆಯುವ ಸಂಪಾದಕ ಮಂಜಿಷ್ಠವೆಂದೇ ಬರೆಯುವ ಸಾಧ್ಯತೆಯಿದೆ. ಅವನ ಆಧಾರ ನಿರ್ದುಷ್ಟವಾಗಿದ್ದೂ ನಿರ್ಣಯ ತಪ್ಪಾಗಿರುತ್ತದೆ.

ಕನ್ನಡದ ವೈದ್ಯಗ್ರಂಥಗಳು ಮತ್ತು ಸಂಪಾದನೆ

ಕನ್ನಡದಲ್ಲಿ ಶಾಸ್ತ್ರಸಾಹಿತ್ಯದ ಪರಂಪರೆ ದೀರ್ಘವಾದುದು. 1025ರ ಸುಮಾರಿಗೆ ಚಾಳುಕ್ಯ ಜಯಸಿಂಹನ ಕಾಲದಲ್ಲಿ ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’, 12ನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, ಅದೇ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ಇವು ಇಲ್ಲಿ ಮುಖ್ಯವಾದವು. ಮಂಗರಾಜನದು ವಿಷವೈದ್ಯ. ಸ್ಥಾವರ, ಜಂಗಮ ವಿಷಗಳೆರಡನ್ನೂ ವಿವರಿಸುವ ಆ ಗ್ರಂಥದಲ್ಲಿ ಸಸ್ಯಗಳು ವಿಷವಾಗಿಯೂ ಬರುತ್ತವೆ, ಮದ್ದಾಗಿಯೂ ಬರುತ್ತವೆ. ಅಲ್ಲಿ ಒಂದು ಹೆಸರಿನ ಅರ್ಥ ತಪ್ಪಿದರೆ ಆಗುವ ಹಾನಿ ಕಾವ್ಯಾರ್ಥ ತಪ್ಪಿದಾಗ ಆಗುವ ಹಾನಿಯಂಥದಲ್ಲ.

ಈ ಗ್ರಂಥಗಳನ್ನು ಬೆಳಕಿಗೆ ತಂದ ವಿದ್ವಾಂಸರ ಶ್ರಮ ದೊಡ್ಡದು. ‘ಖಗೇಂದ್ರಮಣಿದರ್ಪಣ’ವು ಮದರಾಸು ವಿಶ್ವವಿದ್ಯಾನಿಲಯದಿಂದ 1942ರಲ್ಲಿ ಪ್ರಕಟವಾಯಿತು. ಓಲೆಗರಿಗಳ ಪಾಠಗಳನ್ನು ಹೋಲಿಸಿ ಶುದ್ಧಪಾಠವನ್ನು ನಿರ್ಣಯಿಸುವುದು ಆ ತಲೆಮಾರಿನ ಮೊದಲ ಕರ್ತವ್ಯವಾಗಿತ್ತು. ಆದರೆ ಶಾಸ್ತ್ರಗ್ರಂಥದ ಸಂಪಾದನೆ ಪಾಠನಿರ್ಣಯದಲ್ಲಿ ಮುಗಿಯುವುದಿಲ್ಲ; ವಸ್ತುನಿರ್ಣಯವೂ ಅದರ ಭಾಗವೇ. ಕನ್ನಡದ ಶಾಸ್ತ್ರಗ್ರಂಥಗಳ ಅರ್ಥಕೋಶಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮವೆಂದರೆ ಒಂದು ಸಂಸ್ಕೃತ ಹೆಸರಿಗೆ ಒಂದು ಕನ್ನಡ ಹೆಸರನ್ನು ಕೊಡುವುದು, ಇಲ್ಲವೇ ‘ಒಂದು ಬಗೆಯ ಗಿಡ’ ಎಂದು ಬಿಡುವುದು. ಎರಡನೆಯದರಿಂದ ಓದುಗನಿಗೆ ಸಹಾಯವಾಗದು, ಅಪಾಯವೂ ಆಗದು. ಮೊದಲನೆಯದು ಹಾಗಲ್ಲ. ಸಂಪಾದಕನ ಪ್ರದೇಶದ ರೂಢಿ ಅಲ್ಲಿ ಗ್ರಂಥಕರ್ತನ ಅರ್ಥವಾಗಿಬಿಡುತ್ತದೆ. ‘ಬ್ರಾಹ್ಮಿ = ಒಂದೆಲಗ’ ಎಂಬ ಸಮೀಕರಣ ಈ ಬಗೆಯದು. ಅದು ಕರ್ನಾಟಕದ ಇಂದಿನ ರೂಢಿಗೆ ಸಾಕ್ಷಿಯಾಗಬಲ್ಲದು. ಹಲವು ಶತಮಾನಗಳ ಹಿಂದಿನ ವೈದ್ಯಕವಿಯ ಕೈಯಲ್ಲಿದ್ದ ಗಿಡ ಯಾವುದೆಂಬುದಕ್ಕೆ ಸಾಕ್ಷಿಯಾಗಲಾರದು.

ಹೆಸರುಗಳು ಕಾಲದೊಡನೆ ಸರಿಯುತ್ತವೆ ಎಂಬುದಕ್ಕೆ ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದ ವಸ್ತುವೇ ನಿದರ್ಶನ. ಮೆಣಸಿನಕಾಯಿ ದಕ್ಷಿಣ ಅಮೆರಿಕದಿಂದ ಬಂದದ್ದಾದ್ದರಿಂದ ‘ಲೋಕೋಪಕಾರ’ದ ಕಾಲದ ಮೆಣಸು ಇಂದಿನ ಕಾಳುಮೆಣಸೇ ಆಗಿರಬೇಕು. ಹೊಸ ಕಾಯಿ ಹಳೆಯ ಹೆಸರನ್ನು ಹಂಚಿಕೊಂಡಿತು. ಹಳೆಯದು ತನ್ನನ್ನು ಗುರುತಿಸಿಕೊಳ್ಳಲು ಕಾಳು, ಕರಿ ಎಂಬ ವಿಶೇಷಣಗಳನ್ನು ಹೊರಬೇಕಾಯಿತು. ಬ್ರಾಹ್ಮಿಯ ವಿಷಯದಲ್ಲಿ ನಡೆದದ್ದೂ ಇದಕ್ಕೆ ಹತ್ತಿರವಾದುದೇ. ಕರ್ನಾಟಕದಲ್ಲಿ ಆ ಹೆಸರು ಒಂದೆಲಗಕ್ಕೆ ಸಂದ ಮೇಲೆ ಇನ್ನೊಂದು ಸಸ್ಯ ‘ನೀರು’ ಎಂಬ ವಿಶೇಷಣವನ್ನು ಹೊತ್ತುಕೊಂಡಿದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಪಡೆದ ಸ್ವಾಮಿಯವರ ‘ಹಸುರು ಹೊನ್ನು’ ಅನುಸರಿಸಿದ ದಾರಿ ಇಲ್ಲಿ ಉಲ್ಲೇಖಾರ್ಹ. ಗಿಡವನ್ನು ಅದು ಬೆಳೆಯುವ ನೆಲದಲ್ಲಿ ಕಂಡು ಆಮೇಲೆ ಹೆಸರಿನ ಚರ್ಚೆಗೆ ಬರುವ ಆ ಕ್ರಮವನ್ನು ಕನ್ನಡದ ಪಠ್ಯಸಂಪಾದನೆ ಇನ್ನೂ ತನ್ನದಾಗಿಸಿಕೊಂಡಿಲ್ಲ.

ನೆರೆಯ ಭಾಷೆಗಳು, ದೂರದ ನಾಡುಗಳು

ಕನ್ನಡದ ರೂಢಿ ಸರ್ವತ್ರವಲ್ಲವೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕೇರಳದಲ್ಲಿ ಬ್ರಹ್ಮಿ ಎಂದರೆ ಬಕೋಪಾ. ಒಂದೆಲಗಕ್ಕೆ ಅಲ್ಲಿ ಕುಡಂಗಲ್ ಎಂಬ ಬೇರೆ ಹೆಸರಿದೆ. ಈ ಭೇದ ಹೊಸದೂ ಅಲ್ಲ. ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ ‘ಹಾರ್ಟಸ್ ಮಲಬಾರಿಕಸ್’ನ ಹತ್ತನೆಯ ಸಂಪುಟದಲ್ಲಿ ಎರಡೂ ಸಸ್ಯಗಳು ಬೇರೆಬೇರೆ ಚಿತ್ರ, ಬೇರೆಬೇರೆ ಮಲಯಾಳ ಹೆಸರುಗಳೊಡನೆ ಕಾಣಿಸಿಕೊಂಡಿವೆ. ಇಟ್ಟಿ ಅಚ್ಯುತನೆಂಬ ನಾಟಿವೈದ್ಯನ ಅರಿವು ಆ ಗ್ರಂಥದ ಬೆನ್ನೆಲುಬು. ಬ್ರಹ್ಮಿ ಎಂಬ ದೇಶೀಯ ಹೆಸರಿನಿಂದಲೇ ಲಮಾರ್ಕ್ 1785ರಲ್ಲಿ ‘ಬ್ರಾಮಿಯಾ’ ಎಂಬ ಸಸ್ಯಜಾತಿಯ ಹೆಸರನ್ನು ರೂಪಿಸಿದ. ಇಂದು ಬಳಕೆಯಲ್ಲಿಲ್ಲದ ಆ ಹೆಸರು ಸೂಚಿಸುತ್ತಿದ್ದುದು ಬಕೋಪಾವನ್ನೇ.

ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಈ ಭೇದಗಳೆಲ್ಲ ಒಂದೇ ಬೀದಿಗೆ ಬಂದಿವೆ. ಒಂದೇ ಒಂದೆಲಗದ ಕಟ್ಟು ಕರಾವಳಿಯಿಂದ ಬಂದ ತುಳು ಮನೆಗೆ ತಿಮರೆ, ತಮಿಳರ ಮನೆಗೆ ವಲ್ಲಾರೈ, ತೆಲುಗರ ಮನೆಗೆ ಸರಸ್ವತಿ ಆಕು. ಬಿಟಿಎಂ ಬಡಾವಣೆಯಲ್ಲಿ ನೆಲೆಸಿದ ಬಂಗಾಳಿ ಕುಟುಂಬಕ್ಕೆ ಅದು ಥಾನ್‌ಕುನಿ. ಆ ಕುಟುಂಬ ಬ್ರಾಹ್ಮಿ ಶಾಕ್ ಎಂದು ಕೇಳುವುದು ಬಕೋಪಾವನ್ನು; ಬಂಗಾಳದಲ್ಲಿ ಅದನ್ನು ಹುರಿದು ಅನ್ನದೊಡನೆ ಉಣ್ಣುವ ವಾಡಿಕೆಯಿದೆ. ಅಕ್ಕಪಕ್ಕದ ಮನೆಯ ಇಬ್ಬರು ತಾಯಂದಿರು ಮಕ್ಕಳ ಓದಿಗೆ ಬ್ರಾಹ್ಮಿ ಒಳ್ಳೆಯದೆಂದು ಪರಸ್ಪರ ಒಪ್ಪಿಯೂ ಎರಡು ಬೇರೆ ಗಿಡಗಳನ್ನು ಅಡುಗೆಮನೆಗೆ ತರುತ್ತಾರೆ.

ಒಂದೆಲಗದ ಬಳಕೆ ಏಷ್ಯಾದ ಉದ್ದಗಲಕ್ಕೂ ಇದೆ. ಶ್ರೀಲಂಕಾದಲ್ಲಿ ಗೊಟುಕೊಳ ಎಂಬ ಹೆಸರಿನಲ್ಲಿ ತೆಂಗಿನತುರಿ ಬೆರೆಸಿದ ಪಲ್ಯವಾಗುತ್ತದೆ, ಗಂಜಿಯಾಗುತ್ತದೆ. ಮಲಯದ ಪೆಗಾಗ ಹಸಿಯಾಗಿ ಅನ್ನದೊಡನೆ ಸಲ್ಲುತ್ತದೆ. ವಿಯೆಟ್ನಾಮಿನ ರಾವ್ ಮಾ ಬೇಸಗೆಯ ತಂಪು ಪಾನೀಯ. ಕರ್ನಾಟಕದಲ್ಲಿ ತೆಂಗಿನಕಾಯಿ, ಜೀರಿಗೆ, ಕಾಳುಮೆಣಸಿನೊಡನೆ ರುಬ್ಬಿ ಮಜ್ಜಿಗೆ ಬೆರೆಸಿದ ಒಂದೆಲಗದ ತಂಬುಳಿ ಇದೇ ಸಾಲಿಗೆ ಸೇರುತ್ತದೆ. ಗಾಯ ಮತ್ತು ಚರ್ಮವ್ಯಾಧಿಗಳಿಗೆ ಈ ಸೊಪ್ಪನ್ನು ಬಳಸುವುದು ಚೀನಾದಿಂದ ಮಡಗಾಸ್ಕರಿನವರೆಗೆ ವ್ಯಾಪಿಸಿದೆ. 19ನೆಯ ಶತಮಾನದಲ್ಲಿ ಮಾರಿಷಸ್ಸಿನಲ್ಲಿ ಕುಷ್ಠರೋಗಕ್ಕೆ ಇದನ್ನು ಪ್ರಯೋಗಿಸಲಾಯಿತು. 1868ರ ಭಾರತೀಯ ಔಷಧಸಂಹಿತೆಯಲ್ಲಿಯೂ ಇದಕ್ಕೆ ಸ್ಥಾನ ದೊರೆಯಿತು. ಈ ನಾಡುಗಳ ಬಳಕೆಯಲ್ಲಿ ಎದ್ದು ಕಾಣುವ ಗುಣಗಳು ತಂಪು ಮತ್ತು ಗಾಯ ಮಾಯಿಸುವಿಕೆ. ಬುದ್ಧಿವರ್ಧಕವೆಂಬ ಕೀರ್ತಿಯನ್ನು ಮುಂದಿಟ್ಟು ಬೆಳೆಸಿದ್ದು ಮುಖ್ಯವಾಗಿ ಭಾರತದ ಶಾಸ್ತ್ರಪರಂಪರೆ. ಕನ್ನಡದ ಅಡುಗೆಮನೆಯಲ್ಲಿ ಎರಡೂ ಎಳೆಗಳು ಕೂಡಿವೆ. ತಂಬುಳಿಯಲ್ಲಿ ಅದು ಒಂದೆಲಗ, ಮಗುವಿನ ನೆನಪಿನ ಶಕ್ತಿಯ ಮಾತು ಬಂದಾಗ ಅದೇ ಬ್ರಾಹ್ಮಿ.

ಹೆಸರಿನೊಡನೆ ಸಾಗುವ ಪ್ರಮಾಣ

ಇದು ಕೇವಲ ಶಬ್ದಜಿಜ್ಞಾಸೆಯಲ್ಲ. ಆಸ್ಟ್ರೇಲಿಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 12 ವಾರಗಳ ಕಾಲ ಬಕೋಪಾದ ಸಾರವನ್ನು ಸೇವಿಸಿದವರಲ್ಲಿ ಕಲಿಕೆಯ ವೇಗ ಮತ್ತು ನೆನಪು ನೆಲೆಗೊಳ್ಳುವಿಕೆ ಸುಧಾರಿಸಿದವು. ಸೆಂಟೆಲ್ಲಾದ ಮೇಲಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ 2017ರ ವಿಮರ್ಶೆಯು ಬೌದ್ಧಿಕ ಸಾಮರ್ಥ್ಯದಲ್ಲಿ ಗಮನಾರ್ಹ ವ್ಯತ್ಯಾಸವನ್ನು ಕಾಣಲಿಲ್ಲ. ಮನಸ್ಸಿನ ಚುರುಕು, ಸಿಟ್ಟಿನ ಶಮನಗಳಂಥ ಭಾವಸ್ಥಿತಿಗಳಲ್ಲಿ ಮಾತ್ರ ಕೊಂಚ ಅನುಕೂಲವನ್ನು ಗುರುತಿಸಿತು. ‘ಬ್ರಾಹ್ಮಿಯಿಂದ ನೆನಪಿನ ಶಕ್ತಿ ಹೆಚ್ಚುತ್ತದೆಂದು ವಿಜ್ಞಾನ ಸಾಬೀತುಪಡಿಸಿದೆ’ ಎಂಬ ವಾಕ್ಯ ಕನ್ನಡದಲ್ಲಿ ಮುದ್ರಿತವಾಗಿ ಪಕ್ಕದಲ್ಲಿ ಒಂದೆಲಗದ ಚಿತ್ರವಿದ್ದರೆ ಒಂದು ಗಿಡದ ಪ್ರಮಾಣಪತ್ರ ಇನ್ನೊಂದರ ಕೈಸೇರಿದಂತೆ. ಅಪಾಯದ ಸುದ್ದಿಯೂ ಹೀಗೆಯೇ ದಾರಿ ತಪ್ಪಬಲ್ಲದು. 2005ರಲ್ಲಿ ಸ್ಪೇನಿನ ವೈದ್ಯಕೀಯ ಪತ್ರಿಕೆಯೊಂದು ವರದಿ ಮಾಡಿದ ಮೂವರು ಮಹಿಳೆಯರ ಯಕೃತ್ತಿನ ತೊಂದರೆ ಸೆಂಟೆಲ್ಲಾ ಸೇವನೆಗೆ ಸಂಬಂಧಿಸಿದ್ದು, ಬಕೋಪಾಕ್ಕಲ್ಲ. ವಾರಕ್ಕೊಮ್ಮೆ ತಂಬುಳಿ ಉಣ್ಣುವುದಕ್ಕೂ ತಿಂಗಳುಗಟ್ಟಲೆ ಸಾರದ ಗುಳಿಗೆ ನುಂಗುವುದಕ್ಕೂ ಇರುವ ಅಂತರವನ್ನು ಹೇಳಬೇಕಾದಾಗಲೂ ಯಾವ ಗಿಡದ ಮಾತೆಂಬುದು ಮೊದಲು ತಿಳಿದಿರಬೇಕು.

ಹಾಗೆಂದು ದೇಶೀಯ ಹೆಸರುಗಳಿಗೆ ಮರಳಿದರೆ ಎಲ್ಲವೂ ಸರಿಹೋಗುತ್ತದೆಂದು ಹೇಳಲಾಗದು. ‘ಒಂದೆಲಗ’ ಗಿಡದ ರೂಪವನ್ನೇ ಹೇಳುವ ಹೆಸರಾದ್ದರಿಂದ ಗುರುತಿಗೆ ನೆರವಾಗುತ್ತದೆ. ಕಾಮಾಲೆಗೆ ಬಳಸುವ ‘ನೆಲನೆಲ್ಲಿ’ ಹಾಗಲ್ಲ. ಪರಸ್ಪರ ಹೋಲುವ ಹಲವು ಪ್ರಭೇದಗಳಿಗೆ ಅದೊಂದೇ ಹೆಸರು. ದಕ್ಷಿಣ ಭಾರತದ ಅಂಗಡಿಗಳಲ್ಲಿ ಮಾರುವ ಒಣ ನೆಲನೆಲ್ಲಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಬೆರೆತಿರುವುದನ್ನು 2010ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಶಂಖಪುಷ್ಪಿಯೂ ಅಷ್ಟೆ. ದಕ್ಷಿಣದಲ್ಲಿ ಅದು ನೀಲಿ ಅಥವಾ ಬಿಳಿ ಹೂವಿನ ಶಂಖಪುಷ್ಪದ ಬಳ್ಳಿ, ಉತ್ತರದಲ್ಲಿ ನೆಲದಲ್ಲಿ ಹರಡುವ ಬೇರೊಂದು ಸಸ್ಯ. ಆದ್ದರಿಂದ ಸಂಸ್ಕೃತದ ಹೆಸರು, ದೇಶೀಯ ಹೆಸರು, ಲ್ಯಾಟಿನ್ ಹೆಸರು ಈ ಮೂರರಲ್ಲಿ ಯಾವುದೊಂದೂ ತಾನೊಂದೇ ಸಾಲದು.

ಉಪಸಂಹಾರ

ಕನ್ನಡದ ವೈದ್ಯಗ್ರಂಥಗಳ ಮುಂದಿನ ಆವೃತ್ತಿಗಳಲ್ಲಿ ಸಸ್ಯನಾಮಗಳ ಅರ್ಥವನ್ನು ಸಮೀಕರಣವಾಗಿ ಕೊಡದೆ ಸಾಕ್ಷ್ಯಸಹಿತವಾದ ಟಿಪ್ಪಣಿಯಾಗಿ ಕೊಡುವುದು ಅಗತ್ಯ. ಮೂಲದಲ್ಲಿರುವ ರೂಪ, ಗ್ರಂಥಕರ್ತನು ಸೂಚಿಸುವ ಲಕ್ಷಣ ಮತ್ತು ಉಪಯೋಗ, ಕೋಶಗಳ ಪರ್ಯಾಯಗಳು, ಪ್ರಾದೇಶಿಕ ಹೆಸರುಗಳು, ಸಾಧ್ಯವಿರುವ ಸಸ್ಯಗಳ ಶಾಸ್ತ್ರೀಯ ನಾಮಗಳು ಇವಿಷ್ಟನ್ನೂ ಕೊಟ್ಟು, ನಿರ್ಣಯ ಸಾಧ್ಯವಿಲ್ಲದ ಕಡೆ ಹಾಗೆಂದೇ ನಮೂದಿಸಬೇಕು. ಇದು ಭಾಷಾವಿದ್ವಾಂಸನೊಬ್ಬನಿಂದ ಆಗುವ ಕೆಲಸವಲ್ಲ; ಸಸ್ಯವಿಜ್ಞಾನಿಯೂ ವೈದ್ಯನೂ ಜೊತೆಯಲ್ಲಿರಬೇಕು. 1993ರಿಂದ ಬೆಂಗಳೂರಿನಲ್ಲಿ ದೇಶೀಯ ಔಷಧಿ ಸಸ್ಯಗಳ ಮಾದರಿಗಳನ್ನೂ ಹೆಸರುಗಳನ್ನೂ ಸಂಗ್ರಹಿಸುತ್ತ ಬಂದಿರುವ ಎಫ್‌ಆರ್‌ಎಲ್‌ಎಚ್‌ಟಿಯಂಥ ಸಂಸ್ಥೆಗಳ ಸಾಮಗ್ರಿ ಇದಕ್ಕೆ ಒದಗಬಲ್ಲದು.

ಈ ಕೆಲಸಕ್ಕೆ ಕಾಲದ ಮಿತಿಯೂ ಇದೆ. ಎರಡೂ ಸಸ್ಯಗಳಿಗೆ ಬೇಕಾದದ್ದು ತೇವದ ನೆಲ, ಕೆರೆಯಂಚು. ಜೆ.ಪಿ. ನಗರದ ಸಾರಕ್ಕಿ, ಪುಟ್ಟೇನಹಳ್ಳಿ ಕೆರೆಗಳು, ಬಿಟಿಎಂ ಬಡಾವಣೆಯ ಮಡಿವಾಳ ಕೆರೆ ಉಳಿದಿವೆಯಾದರೂ ಅವುಗಳ ಸುತ್ತಲಿದ್ದ ಗದ್ದೆ, ಕಾಲುವೆ, ಜೌಗುನೆಲಗಳು ಬಡಾವಣೆಗಳಾದವು. ನೀರು ಬ್ರಾಹ್ಮಿ ಮಲಿನ ನೀರಿನ ಭಾರಲೋಹಗಳನ್ನು ಹೀರಿಕೊಳ್ಳುವ ಸಸ್ಯವಾದ್ದರಿಂದ ಚರಂಡಿ ಸೇರುವ ನೀರಿನಲ್ಲಿ ಬೆಳೆದದ್ದನ್ನು ಔಷಧಿಗೆ ಕಿತ್ತು ತರುವಂತೆಯೂ ಇಲ್ಲ. ಕೆರೆಯಂಚಿನಲ್ಲಿ ಬಗ್ಗಿ ಇದು ಒಂದೆಲಗ, ಅದು ನೀರು ಬ್ರಾಹ್ಮಿ ಎಂದು ಬೇರ್ಪಡಿಸಿ ತೋರಿಸಬಲ್ಲ ಹಿರಿಯರಿರುವಾಗಲೇ ಅವರ ಮಾತನ್ನು ಗಿಡದ ಮಾದರಿಯೊಡನೆ ದಾಖಲಿಸುವುದು ಒಳಿತು. ಗ್ರಂಥದ ಹೆಸರನ್ನು ನೆಲದ ಗಿಡಕ್ಕೆ ಜೋಡಿಸುವ ಕೊಂಡಿ ಅವರಲ್ಲಿದೆ.