ಎಲ್ಲ ಎಲೆಗಳೂ ಬರಬಹುದಾದ ಆಟ

ಆಟವೆಂದರೆ ಹಗುರವಾಗಿ ಕಾಣುವ ಅಭ್ಯಾಸ ಪಾಠ ಹೇಳುವವರಲ್ಲಿ ಇದ್ದೇ ಇದೆ. ನಾನೂ ಅದಕ್ಕೆ ಹೊರತಲ್ಲ. ಕಳೆದ ಬೇಸಗೆಯಲ್ಲಿ ಅಮೆರಿಕದಿಂದ ಬಂದಿದ್ದ ಅಕ್ಕನ ಮಗ ನಡುಮನೆಯ ಚಾಪೆಯ ಮೇಲೆ ಒಂದು ಕಟ್ಟು ಎಲೆಗಳನ್ನು ಇಟ್ಟು, "ಮಾವ, ಒಂದಾಟ ಆಡೋಣ ಬನ್ನಿ" ಎಂದಾಗ, ಇಸ್ಪೀಟಿಗೆ ಕರೆಯುತ್ತಿದ್ದಾನೆಂದೇ ಭಾವಿಸಿದೆ. ಸಂಜೆಯ ಹೊತ್ತಿಗೆ ನನ್ನ ಅಭಿಪ್ರಾಯ ಬದಲಾಗಿತ್ತು. ಒಂದು ಕಾವ್ಯಪ್ರಕಾರವನ್ನು ಪರೀಕ್ಷಿಸುವಷ್ಟೇ ಎಚ್ಚರದಿಂದ ಈ ಆಟವನ್ನೂ ಪರೀಕ್ಷಿಸಬಹುದೆಂದು ತೋರಿತು.

ಆಟದ ಹೆಸರು 'ಮ್ಯಾಜಿಕ್: ದಿ ಗ್ಯಾದರಿಂಗ್'. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರಚಿಸಿದ ಇದನ್ನು ಅಮೆರಿಕದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ 1993ರಲ್ಲಿ ಹೊರತಂದಿತು. ಇಸ್ಪೀಟಿನಲ್ಲಿ ಎಲ್ಲರಿಗೂ ಅದೇ 52 ಎಲೆ. ಇಲ್ಲಿ ಹಾಗಲ್ಲ. ಪ್ರತಿಯೊಂದು ಎಲೆಯ ಮೇಲೂ ಒಂದು ಹೆಸರು, ಒಂದು ಚಿತ್ರ, ಅದು ಮಾಡಬಲ್ಲ ಕೆಲಸವನ್ನು ಹೇಳುವ ಕೆಲವು ವಾಕ್ಯಗಳು. ಪೊಟ್ಟಣಗಳನ್ನು ಕೊಂಡು, ಸ್ನೇಹಿತರೊಡನೆ ವಿನಿಮಯ ಮಾಡಿ, ಆಟಗಾರನು ತನ್ನ ಕಟ್ಟನ್ನು ತಾನೇ ಸಿದ್ಧಪಡಿಸಿಕೊಂಡು ಬರಬೇಕು. ಪ್ರತಿಯೊಬ್ಬನಿಗೂ 20 ಅಂಕದ ಆಯುಸ್ಸು. ಅದನ್ನು ಕಳೆದುಕೊಂಡವನು ಸೋತ. ಇದುವರೆಗೆ ಅಚ್ಚಾಗಿರುವ ಬೇರೆ ಬೇರೆ ಎಲೆಗಳು 25,000ಕ್ಕೂ ಹೆಚ್ಚು.

ಇವುಗಳಲ್ಲಿ ಯಾವುದನ್ನು ಆಡಬಹುದು, ಯಾವುದನ್ನು ಕೂಡದು? 1995ರಲ್ಲಿ ಈ ಪ್ರಶ್ನೆಯ ಮೇಲೆ ಆಟ ಎರಡು ಪಂಥವಾಯಿತು. ಇಂದು 'ಸ್ಟ್ಯಾಂಡರ್ಡ್' ಎನಿಸಿಕೊಂಡಿರುವ ಪಂಥದಲ್ಲಿ ಈಚಿನ ಕೆಲವು ವರ್ಷಗಳ ಎಲೆಗಳಿಗೆ ಮಾತ್ರ ಪ್ರವೇಶ. ಹಳೆಯವು ಕಾಲಕಾಲಕ್ಕೆ ಉದುರಿಹೋಗುತ್ತವೆ. 'ವಿಂಟೇಜ್' ಎಂಬುದು ಇನ್ನೊಂದು. ಮೊದಲ ದಿನದ ಎಲೆಯೂ ನಿನ್ನೆಯ ಎಲೆಯೂ ಅಲ್ಲಿ ಒಂದೇ ಕಟ್ಟಿನಲ್ಲಿ ಕೂಡಬಹುದು. ನನ್ನ ಮಾತು ಈ ಎರಡನೆಯದನ್ನು ಕುರಿತದ್ದು.

ನಿರ್ಬಂಧವಿಲ್ಲದ ಆಟ ಎಂಥದೆಂಬುದನ್ನು ಆಟಗಾರರು ಮೊದಲ ತಿಂಗಳುಗಳಲ್ಲೇ ಕಂಡಿದ್ದರು. ಆಗ 40 ಎಲೆಗಳಿದ್ದರೆ ಸಾಕು; ಒಂದೇ ಎಲೆಯ ಎಷ್ಟು ಪ್ರತಿಗಳನ್ನಾದರೂ ಸೇರಿಸಬಹುದಾಗಿತ್ತು. ಅದರ ಪರಿಣಾಮಕ್ಕೆ ಒಂದೇ ಉದಾಹರಣೆ ಸಾಕು. ಕೈಯಲ್ಲಿ ನಾಲ್ಕು ಎಲೆಗಳಿವೆಯೆನ್ನಿ: ಮೌಂಟನ್, ಬ್ಲ್ಯಾಕ್ ಲೋಟಸ್, ಚಾನೆಲ್, ಫೈರ್‌ಬಾಲ್. ಲೋಟಸ್ ಬಿಟ್ಟಿಯಾಗಿ ಮೂರು ಪಾಲು ಶಕ್ತಿ ಕೊಡುತ್ತದೆ. ಅದರಲ್ಲಿ ಎರಡು ಪಾಲು ಚಾನೆಲ್‌ಗೆ ವೆಚ್ಚ. ಚಾನೆಲ್ ಇಳಿದ ಮೇಲೆ ಆಟಗಾರ ತನ್ನ ಆಯುಸ್ಸನ್ನೇ ಶಕ್ತಿಯಾಗಿ ಮಾರ್ಪಡಿಸಿಕೊಳ್ಳಬಹುದು. 19 ಅಂಕ ತೆತ್ತು, ಉಳಿದ ಒಂದು ಪಾಲನ್ನು ಕೂಡಿಸಿ, ಮೌಂಟನ್‌ನ ಶಕ್ತಿಯಿಂದ ಬೆಂಕಿಯುಂಡೆಯನ್ನು ಎಸೆದರೆ ಎದುರಾಳಿಯ 20 ಅಂಕವೂ ಬೂದಿ. ಪಾಪ, ಅವನು ಇನ್ನೂ ಒಂದು ಎಲೆಯನ್ನೂ ಇಳಿಸಿರುವುದಿಲ್ಲ! ಇದರಲ್ಲಿ ಚಾತುರ್ಯವಿದೆ, ಸಂವಾದವಿಲ್ಲ. ಒಬ್ಬನೇ ಮಾತನಾಡಿ ಮುಗಿಸುವ ನಾಟಕವನ್ನು ಎಷ್ಟು ಸಲ ನೋಡಲಾದೀತು?

ಆದ್ದರಿಂದ 1994ರಲ್ಲಿ ಕಟ್ಟಳೆ ಬಂದಿತು. ಕಟ್ಟಿನಲ್ಲಿ ಕನಿಷ್ಠ 60 ಎಲೆ. ಒಂದು ಎಲೆಯ ನಾಲ್ಕು ಪ್ರತಿಗಳಿಗಿಂತ ಹೆಚ್ಚು ಕೂಡದು. ಅತಿ ಬಲಶಾಲಿಯಾದ ಕೆಲವಕ್ಕೆ ಒಂದೇ ಒಂದು ಪ್ರತಿ. ಇಂದಿನ ವಿಂಟೇಜ್ ನಿಂತಿರುವುದು ಈ 'ಒಂದೇ ಒಂದು' ಎಂಬ ಸೂತ್ರದ ಮೇಲೆ. ಬಲ ಹೆಚ್ಚೆಂಬ ಕಾರಣಕ್ಕೆ ಎಲೆಯನ್ನು ಹೊರದೂಡುವುದು ಇಲ್ಲಿಯ ವಾಡಿಕೆಯಲ್ಲ. ಹೊರಗುಳಿದವು ಬೇರೆ ಜಾತಿಯವು: ಸ್ವಂತ ಎಲೆಯನ್ನೇ ಪಣವಾಗಿ ಒಡ್ಡಿಸುವಂಥವು, ಮೇಲಿನಿಂದ ಮೇಜಿನ ಮೇಲೆ ಬೀಳಿಸಿ ಆಡುವಂಥವು. ಜನಾಂಗನಿಂದೆಯ ದೋಷಕ್ಕಾಗಿ 2020ರಲ್ಲಿ ಏಳು ಎಲೆಗಳನ್ನು ಎಲ್ಲ ಅಧಿಕೃತ ಆಟಗಳಿಂದಲೂ ತೆಗೆದರು. ಅದು ಸರಿಯಾದ ಕೆಲಸ.

ಛಂದಸ್ಸನ್ನು ಪಾಠ ಹೇಳುವವನಾದ ನನಗೆ ಈ ಸೂತ್ರ ಬಹಳ ಹಿಡಿಸಿತು. ಬಹಿಷ್ಕರಿಸಿದರೆ ಎಲೆ ಸತ್ತಂತೆ. ನಾಲ್ಕು ಸಲ ಬಿಟ್ಟರೆ ಆಟ ಸತ್ತಂತೆ. ಒಂದು ಸಲ ಬಿಟ್ಟರೆ ಎರಡೂ ಉಳಿಯುತ್ತವೆ. ಇದಕ್ಕೆ ಆಕ್ಷೇಪವಿಲ್ಲದಿಲ್ಲ. ಮೊದಲು ಕೈಗೆ ಬರುವ 7 ಎಲೆಗಳಲ್ಲಿ ಆ ಒಂದೇ ಪ್ರತಿ ಕಾಣಿಸಿಕೊಳ್ಳುವುದು ಎಂಟು ಒಂಬತ್ತು ಆಟಗಳಿಗೊಮ್ಮೆ. ಅಂದು ಗೆದ್ದದ್ದು ಜಾಣತನವೋ ಅದೃಷ್ಟವೋ ಎಂದು ಸೋತವನು ಕೇಳಿದರೆ ತಪ್ಪೇನು? ತಪ್ಪಿಲ್ಲ. ಆದರೆ ಸಕಲ ಪರಂಪರೆಯನ್ನೂ ಜೀವಂತವಾಗಿ ಇಟ್ಟುಕೊಳ್ಳುವುದಕ್ಕೆ ತೆರಬೇಕಾದ ಬೆಲೆ ಅಷ್ಟೇ ಆದರೆ, ಅದನ್ನು ತೆರಬಹುದೆಂದು ನನ್ನ ಮತ.

ನಿಜವಾದ ಬೆಲೆ ಮಾತ್ರ ಬೇರೆ ಕಡೆಯಿದೆ. ಬ್ಲ್ಯಾಕ್ ಲೋಟಸ್‌ನ ಮೊದಲ ಮುದ್ರಣದ ಪ್ರತಿಗಳು ಸುಮಾರು 1,100 ಮಾತ್ರ. ಮುಂದಿನ ಒಂದೆರಡು ಮುದ್ರಣಗಳಾದ ಮೇಲೆ ಅದು ನಿಂತೇಹೋಯಿತು. 1995ರಲ್ಲಿ ಸಂಸ್ಥೆ ಬೇರೆ ಹಲವು ಹಳೆಯ ಎಲೆಗಳನ್ನು ಮರುಮುದ್ರಿಸಿದಾಗ ಸಂಗ್ರಾಹಕರು ಕೆರಳಿದರು. 1996ರಲ್ಲಿ ಅದು ಒಂದು ಪಟ್ಟಿಯನ್ನು ಪ್ರಕಟಿಸಿ, ಇವುಗಳನ್ನು ಎಂದೆಂದಿಗೂ ಮತ್ತೆ ಅಚ್ಚುಮಾಡುವುದಿಲ್ಲವೆಂದು ಮಾತು ಕೊಟ್ಟಿತು. ಲೋಟಸ್ ಆ ಪಟ್ಟಿಯಲ್ಲಿದೆ. 2021ರ ಜನವರಿಯಲ್ಲಿ ಅದರ ಒಂದು ಉತ್ತಮ ಪ್ರತಿ ಹರಾಜಿನಲ್ಲಿ 5,11,100 ಡಾಲರಿಗೆ ಹೋಯಿತು. 2022ರಲ್ಲಿ ಸಂಸ್ಥೆ ಹಳೆಯ ಎಲೆಗಳ ಸ್ಮಾರಕ ಮುದ್ರಣವನ್ನು ತಂದಿತು: ನಾಲ್ಕು ಪೊಟ್ಟಣಕ್ಕೆ, ಅಂದರೆ 60 ಎಲೆಗೆ, 999 ಡಾಲರು, ಅದೂ ಅಧಿಕೃತ ಪಂದ್ಯಕ್ಕೆ ಸಲ್ಲದು. ನಿಯಮ ತೆರೆದ ಬಾಗಿಲನ್ನು ಹೀಗೆ ಹಣ ಮುಚ್ಚಿತು. ಎಲ್ಲ ಎಲೆಗಳಿಗೂ ಪ್ರವೇಶವಿದೆ. ಎಲ್ಲ ಆಟಗಾರರಿಗೂ ಇಲ್ಲ.

ನನ್ನ ಸೋದರಳಿಯನ ಕಟ್ಟಿನಲ್ಲಿಯೂ ಬ್ಲ್ಯಾಕ್ ಲೋಟಸ್ ಇತ್ತು. ಹೊರತೆಗೆದು ನೋಡಿದರೆ, ಸಾಧಾರಣ ಎಲೆಯೊಂದರ ಮೇಲೆ ಬಿಳಿಯ ಕಾಗದದ ಚೂರು. ಅದರ ಮೇಲೆ ಶಾಯಿಯಲ್ಲಿ ಬರೆದ ಹೆಸರು. "ಇದು ಮೋಸವಲ್ಲವೇನೋ?" ಎಂದೆ. "ಮಾರೋದಕ್ಕಲ್ಲ ಮಾವ, ಆಡೋದಕ್ಕೆ" ಎಂದ.

ಈ ಉತ್ತರದಲ್ಲಿ ತಿರುಳಿದೆ. ಎಲೆಯ ಮೇಲಿನ ಮಾತು ಕೃತಿ. ರಟ್ಟಿನ ಚೂರು ಅದರ ಪ್ರತಿ. ಓಲೆಗರಿಯ ಕಾಲದಲ್ಲಿ ಕಾವ್ಯ ಉಳಿದದ್ದು ಯಾವನೋ ಬಡ ಲಿಪಿಕಾರ ಕುಳಿತು ಪ್ರತಿ ಮಾಡಿದ್ದರಿಂದ; ಮೂಲದ ಗರಿಯೇ ಬೇಕೆಂದು ಹಟ ಹಿಡಿದಿದ್ದರೆ ನಮಗೆ ಪಠ್ಯವೇ ಇರುತ್ತಿರಲಿಲ್ಲ. ಹಾಗೆಂದು ಅಸಲಿಯೆಂದು ನಂಬಿಸಿ ನಕಲಿಯನ್ನು ಮಾರುವವನನ್ನು ನಾನು ಸಮರ್ಥಿಸುತ್ತಿಲ್ಲ, ಅದು ವಂಚನೆ. ಸಂಗ್ರಾಹಕರಿಗೆ ಕೊಟ್ಟ ಮಾತನ್ನು ಮುರಿಯಿರೆಂದೂ ಹೇಳುತ್ತಿಲ್ಲ. ಆ ಮಾತನ್ನು ನಂಬಿ ದುಡ್ಡು ಹಾಕಿದವರಿದ್ದಾರೆ. ಆದರೆ ಆ ಮಾತು ಮುದ್ರಣವನ್ನು ಕುರಿತದ್ದು, ಆಟವನ್ನು ಕುರಿತದ್ದಲ್ಲ. ಅಮೆರಿಕದ ಎಷ್ಟೋ ಅನಧಿಕೃತ ವಿಂಟೇಜ್ ಪಂದ್ಯಗಳು ಹತ್ತು ಹದಿನೈದು ಬದಲಿ ಎಲೆಗಳಿಗೆ ಅವಕಾಶ ಕೊಟ್ಟು ಆಟವನ್ನು ಉಳಿಸಿಕೊಂಡು ಬಂದಿವೆ. 2014ರಿಂದ ಗಣಕಯಂತ್ರದ ಮೇಲಿನ ಆಟದಲ್ಲಿ ಲೋಟಸ್ ಸಹ ದೊರೆಯುತ್ತಿದೆ. ಅದರಿಂದ ಯಾರ ತಿಜೋರಿಯೂ ಬರಿದಾಗಲಿಲ್ಲ. ಅಧಿಕೃತ ಪಂದ್ಯಗಳ ನಿಯಮಾವಳಿಯೂ ಒಂದು ವಾಕ್ಯವನ್ನು ಸೇರಿಸಿಕೊಳ್ಳಲಿ: ಮರುಮುದ್ರಣವಿಲ್ಲದ ಎಲೆಗೆ ಬದಲಾಗಿ ಕೈಬರಹದ ಎಲೆ ಸಲ್ಲುತ್ತದೆ.

ಅಂದು ಹುಡುಗ ಆ ಕಾಗದದ ಲೋಟಸ್‌ನಿಂದಲೇ ನನ್ನನ್ನು ಎರಡು ಸಲ ಸೋಲಿಸಿದ. ಅದು ಶಾಯಿಯಲ್ಲಿ ಬರೆದದ್ದೆಂಬ ಕಾರಣಕ್ಕೆ ನನ್ನ ಸೋಲೇನೂ ಕಡಿಮೆಯಾಗಲಿಲ್ಲ.